ಗುರುವಾರದ ಎರಡನೆಯ ತಾಸು

“ಹನ್ನೊಂದು ಮನಿಗೆ ಒಬ್ಬನ ಅಪ್ಪ. ಅಂವ ಸೈತ ಎಂಟನೇತ್ತಾ ಪಾಸಾಗಿಲ್ಲ.”

ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ, ಹಗ್ಗದ ಮೇಲೆ ಒಣಗುತ್ತಿದ್ದ ನೆರಳುಗಳ ನಡುವೆ ನಿಂತು ಹಂಚಿನಾಳ ಹೆಡ್‌ಮಾಸ್ತರರು ಈ ಮಾತು ಅಂದರು. ಅಂದದ್ದು ನನಗೆ, ಕೇಳಿಸಿಕೊಂಡದ್ದು ಊರು. ಮಕ್ಕಳು ಕಂಪ್ಯೂಟರುಗಳನ್ನು ಎದೆಗೆ ಅವಚಿಕೊಂಡು ಸಾಲಿನಲ್ಲಿದ್ದರು, ತಾಯಂದಿರು ಗೋಡೆಯ ಬದಿಗೆ, ಗಂಡಸರು ಬೇವಿನ ಗಿಡದ ಕೆಳಗೆ. ಮೊದಲು ಗಂಡಸರು ನಕ್ಕರು, ಅವರನ್ನು ನೋಡಿ ಮಕ್ಕಳು ನಕ್ಕರು. ಹನ್ನೊಂದು ಹೆಂಗಸರು ಮಾತ್ರ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಹಾಗೆ ಎಳೆದುಕೊಂಡದ್ದರಿಂದಲೇ ಆ ಮನೆಗಳು ಯಾವುವು ಎಂದು ಎಲ್ಲರಿಗೂ ಗೊತ್ತಾಯಿತು.

ಮಾಸ್ತರರು ಬೆತ್ತದ ತುದಿಯಿಂದ ಒಂದೊಂದೇ ನೆರಳಿನ ಎಡಗೈ ಎತ್ತಿ ತೋರಿಸಿದರು. ಒಂದಕ್ಕೆ ರುಮಾಲು, ಒಂದಕ್ಕೆ ಟೋಪಿ, ಒಂದಕ್ಕೆ ಡೊಳ್ಳುಹೊಟ್ಟೆ, ಒಂದಕ್ಕೆ ಗೂನುಬೆನ್ನು. ಆದರೆ ಹನ್ನೊಂದರಲ್ಲೂ ಕಿರುಬೆರಳಿನ ತುದಿ ಇರಲಿಲ್ಲ. “ಈ ಊರಾಗ ಅಪ್ಪ ಆಗಬೇಕಂದ್ರ ಬೆರಳು ಕತ್ತರಿಸಿಕೋಬೇಕೇನಪಾ ಯಮನೂರಿ?” ಎಂದು ಕೇಳಿದರು. ನಾನು ಕೈಯನ್ನು ಕಿಸೆಗೆ ಹಾಕಿಕೊಂಡೆ. ಸಣ್ಣವನಿದ್ದಾಗ ಬಾಗಿಲ ಸಂದಿಯಲ್ಲಿ ಸಿಕ್ಕು ಹೋದ ಬೆರಳು ಅದು. ಹೊಟ್ಟೆಗೆ ದಿಂಬು ಕಟ್ಟಿಕೊಂಡವನಿಗೆ, ಮನೆಗೊಂದು ರುಮಾಲು ಸುತ್ತಿಕೊಂಡವನಿಗೆ, ಆ ಬೆರಳೊಂದು ನೆನಪಾಗಲಿಲ್ಲ.

ನಮ್ಮ ಊರಿನಲ್ಲಿ ಎಂಟನೆಯ ತರಗತಿಗೆ ಬಂದ ಮಗುವಿಗೆ ಶಾಲೆಯವರು ಕಂಪ್ಯೂಟರ್ ಕೊಡುತ್ತಾರೆ. ಅದರ ಎದುರು ಯಾರು ಹಾದು ಹೋದರೂ ಅದು ಅವರ ನೆರಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಿಟ್ಟರೂ ಸಂದಿಯಿಂದ ಎಳೆದುಕೊಳ್ಳುತ್ತದೆ. ಸೋಮವಾರ ಮಕ್ಕಳು ಅದನ್ನು ಹೊತ್ತು ತಂದಾಗ ಗುಮಾಸ್ತ ಬದಿಯ ಗುಂಡಿ ಒತ್ತುತ್ತಾನೆ. ವಾರದ ನೆರಳುಗಳು ಒದ್ದೆಯಾಗಿ ಒಂದರ ಹಿಂದೊಂದು ಹೊರಗೆ ಬರುತ್ತವೆ, ಪ್ರತಿಯೊಂದರ ಅಂಚಿಗೂ ದಿನ ಮತ್ತು ತಾಸು ಮೂಡಿರುತ್ತದೆ. ಹಗ್ಗಕ್ಕೆ ಹಾಕಿ ಒಣಗಿಸುತ್ತಾರೆ, ಇಸ್ತ್ರಿ ಮಾಡಿಸುತ್ತಾರೆ, ಮನೆಯ ಹೆಸರು ಬರೆದು ಕಪಾಟಿನಲ್ಲಿ ಇಡುತ್ತಾರೆ. ಮಗುವಿನ ಹಿತಕ್ಕೆ ಎನ್ನುತ್ತಾರೆ. ಯಾವ ಮಗು, ಎಂಥ ಹಿತ ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಊರು ಇದಕ್ಕೆ ಹೊಂದಿಕೊಂಡಿತು. ಕಂಪ್ಯೂಟರ್ ಇರುವ ಪಡಸಾಲೆಯನ್ನು ಹೆಂಗಸರು ಮೊರ ಅಡ್ಡ ಹಿಡಿದುಕೊಂಡು ದಾಟುತ್ತಾರೆ. ಕುಡಿದು ಬಂದ ಗಂಡಸರು ತೆವಳಿಕೊಂಡು ಹೋಗುತ್ತಾರೆ, ಮರುದಿನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಜಗಳ ಮಾಡಬೇಕೆಂದರೆ, ಅಳಬೇಕೆಂದರೆ ನೀಲವ್ವಜ್ಜಿಯ ಮನೆಗೆ ಹೋಗಬೇಕು. ನೀಲವ್ವಜ್ಜಿಗೆ ಮಕ್ಕಳಿಲ್ಲ, ಆ ಮನೆಗೆ ಕಂಪ್ಯೂಟರ್ ಬರುವ ಸಂಭವವೂ ಇಲ್ಲ. ಸಂಜೆಯಾದರೆ ಅವಳ ಜಗಲಿಯ ಮೇಲೆ ಗಂಡ ಹೆಂಡತಿಯರು ಪಾಳಿ ಹಚ್ಚಿರುತ್ತಾರೆ.

ಎರಡು ವರ್ಷದ ಹಿಂದೆ ಇನ್ನೊಂದು ನಿಯಮ ಬಂತು. ವಾರಕ್ಕೆ ಒಂದು ತಾಸು, ಸಂಜೆ ಐದರಿಂದ ಏಳರ ಒಳಗೆ, ಓದುವ ಮಗುವಿನ ಪಕ್ಕದಲ್ಲಿ ಮನೆಯ ಹಿರಿಯ ಗಂಡಸಿನ ನೆರಳು ಇರಬೇಕು. ಇಲ್ಲದಿದ್ದರೆ ಮನೆಯ ವಾತಾವರಣ ಸರಿಯಿಲ್ಲ ಎಂದು ಬರೆಯುತ್ತಾರೆ. ಗಂಡ ಸತ್ತವರು, ಬಿಟ್ಟುಹೋದವರು, ಇದ್ದೂ ಇಲ್ಲದವರು, ಎಲ್ಲರ ಮನೆಗೂ ಇದೇ ನಿಯಮ. ನಾನು ಇಸ್ತ್ರಿ ಮಾಡುವವನು. ಶಾಲೆಯ ಎದುರೇ ನನ್ನ ಬಂಡಿ ನಿಲ್ಲುತ್ತದೆ. ಮೊದಲು ಬಂದವಳು ಶಾವಂತ್ರಕ್ಕ. ಗಂಡನ ಅಂಗಿಯನ್ನು ಇಸ್ತ್ರಿಗೆ ಕೊಡುವವಳಂತೆ ಬಂಡಿಯ ಮೇಲೆ ಇಟ್ಟು, “ಇದನ್ನ ಇಸ್ತ್ರಿ ಮಾಡಬ್ಯಾಡ, ಹಾಕ್ಕೊಂಡು ನಮ್ಮ ಮನಿಗೆ ಬಂದು ಒಂದ ತಾಸು ಕುಂದ್ರು ತಮ್ಮಾ. ಮಾತಾಡಬ್ಯಾಡ. ಉಂಡು ಹೋಗು” ಅಂದಳು. ಹಾಗೆ ಶುರುವಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡು ತಾಸು, ಶನಿವಾರ ಒಂದು. ಒಟ್ಟು ಹನ್ನೊಂದು. ಅದರಲ್ಲಿ ಹತ್ತು ಊರಿನವರಿಗೆ. ಗುರುವಾರದ ಎರಡನೆಯ ತಾಸು ನಮ್ಮ ಮನೆಗೆ, ನನ್ನ ತಂಗಿ ಹುಲಿಗೆಮ್ಮನ ಪಕ್ಕಕ್ಕೆ.

ಮೂರು ತಿಂಗಳ ಹಿಂದೆ ಮೌಲಾಬಿ ಬಂದಳು. ಲಾರಿ ಹತ್ತಿ ಹೋದ ಗಂಡ ನಾಲ್ಕು ವರ್ಷವಾದರೂ ಇಳಿದಿಲ್ಲ. ಮಗನನ್ನು ಶಾಲೆಯಿಂದ ತೆಗೆಯುತ್ತೇವೆ ಎಂದು ಚೀಟಿ ಬಂದಿತ್ತು. “ಒಂದು ತಾಸು ಉಳದಿಲ್ಲೇನು?” ಅಂದಳು. ಗುರುವಾರದ ಎರಡನೆಯ ತಾಸನ್ನು ಅವಳಿಗೆ ಕೊಟ್ಟೆ. ಹುಲಿಗಿಗೆ ನಾನು ಹೇಗೂ ಇದ್ದೇನಲ್ಲ, ರಾತ್ರಿ ಅದೇ ಮನೆಯಲ್ಲಿ ಮಲಗುತ್ತೇನಲ್ಲ ಅಂದುಕೊಂಡೆ. ಶಾಲೆಯವರೂ ಏನೂ ಅನ್ನಲಿಲ್ಲ. ನಾನು ಮರೆತೆ.

ಅವತ್ತು ಬೇವಿನ ಗಿಡದ ಕೆಳಗಿನ ನಗು ಇಳಿಯುವವರೆಗೆ ಕಾದ ಹೆಡ್‌ಮಾಸ್ತರರು ಹಗ್ಗದ ಕೊನೆಗೆ ಹೋದರು. ಅಲ್ಲಿ ಹನ್ನೆರಡನೆಯದು ಒಂದು ಇತ್ತು. ಹುಲಿಗೆಮ್ಮನ ಜಡೆಯ ನೆರಳು, ಅದರ ಪಕ್ಕದಲ್ಲಿ ರುಮಾಲು ಸುತ್ತಿದ ಗಂಡಸಿನದು. ಅಂಚಿಗೆ ಗುರುವಾರ, ಆರರಿಂದ ಏಳು. “ಹನ್ನೊಂದು ಮನ್ಯಾಗ ನೀ ಕುಂತಿ. ಈ ತಾಸಿನ್ಯಾಗ ನೀ ಮೌಲಾಬಿ ಮನ್ಯಾಗಿದ್ದಿ, ನೆರಳ ಹೇಳತೈತಿ. ಹಂಗಾರ ನಿನ್ನ ಮನ್ಯಾಗ ಯಾರು ಕುಂತಿದ್ರು?”

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದ್ದು. ಸಾಲಿನಲ್ಲಿದ್ದ ಹುಲಿಗಿಯನ್ನು ನೋಡಿದೆ. ಅವಳು ತನ್ನ ಕಾಲ ಹೆಬ್ಬೆರಳನ್ನು ನೋಡುತ್ತಿದ್ದಳು.

ಆಮೇಲೆ ಮಾಸ್ತರರು ನನ್ನನ್ನು ತಮ್ಮ ಖೋಲಿಗೆ ಕರೆದು ಕುರ್ಚಿ ತೋರಿಸಿದರು. ಆ ಖೋಲಿಯಲ್ಲಿ ನಾನು ಹಿಂದೆ ಒಮ್ಮೆ ನಿಂತಿದ್ದೆ. ಏಳು ವರ್ಷದ ಹಿಂದೆ, ಕಂಪ್ಯೂಟರುಗಳು ಬಂದ ಮೊದಲ ವರ್ಷ, ನಾನು ಎಂಟನೆಯ ತರಗತಿ. ಅಪ್ಪ ಅವ್ವನ ಮೇಲೆ ಕೈ ಎತ್ತಿದ ನೆರಳನ್ನು ಹಗ್ಗದ ನಟ್ಟನಡುವೆ ಹಾಕಿ, ಇದೇ ಮಾಸ್ತರರು ಇದೇ ಬೆತ್ತದಿಂದ ಪಾಠ ಮಾಡಿದ್ದರು. ಅಪ್ಪ ಹೊಡೆಯುತ್ತಿದ್ದದ್ದು ಖರೆ. ಆದರೆ ಅವ್ವ ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವುದೋ ಬಿಡುವುದೋ ಅವಳದಾಗಿತ್ತು. ನಾನು ಹಗ್ಗಕ್ಕೆ ಹಾರಿ ಆ ನೆರಳನ್ನು ಹರಿದೆ. ಶಾಲೆಯ ಆಸ್ತಿ ಹಾಳುಮಾಡಿದ ಎಂದು ನನ್ನನ್ನು ತೆಗೆದರು. ಅಪ್ಪನ ಕೈ ಶಾಲೆಯ ಆಸ್ತಿ ಎಂದು ನನಗೆ ಗೊತ್ತಾದದ್ದು ಅವತ್ತು. ಮಾರನೆಯ ದಿನ ಅಪ್ಪ ಊರು ಬಿಟ್ಟ. ಅವ್ವ ಸತ್ತು ಎರಡು ವರ್ಷ ಆಯಿತು, ಆಗಲೂ ಬರಲಿಲ್ಲ.

“ನೀ ದಡ್ಡ ಅಲ್ಲ” ಅಂದರು ಮಾಸ್ತರರು. “ಹನ್ನೊಂದು ಥರಾ ಕುಂದ್ರಾಂವ ದಡ್ಡ ಇರಾಕ ಸಾಧ್ಯ ಇಲ್ಲ. ನಮಗೂ ನೆರಳು ಓದೋ ಮಂದಿ ಬೇಕಾಗ್ಯಾರ. ಟೇಬಲ್ಲು, ಕುರ್ಚಿ, ಫ್ಯಾನು. ವಿಚಾರ ಮಾಡು.”

“ಹುಲಿಗಿ ಹಾಲ್ ಟಿಕೆಟ್?”

“ಆ ಗಂಡಸು ಯಾರು ಅಂತ ಬರೂ ಸೋಮವಾರ ಎಲ್ಲಾರ ಮುಂದ ಹೇಳು. ಆಕಿ ಹಾಲ್ ಟಿಕೆಟ್ ತೊಗೊಂಡು ಹೋಗ್ಲಿ. ನಾ ಏನ್ ಆ ಹುಡುಗಿ ವೈರಿ ಅಲ್ಲ. ಹತ್ತನೇತ್ತಾ ಪರೀಕ್ಷಾ ಮುಂದಿನ ತಿಂಗಳ ಐತಿ. ಶಾಣ್ಯಾ ಹುಡುಗಿ.”

“ಎಲ್ಲಾರ ಮುಂದ ಯಾಕ ಸರ್?”

“ಎಲ್ಲಾರ ಮುಂದ ಕಂಡದ್ದು ಎಲ್ಲಾರ ಮುಂದ ತಿಳೀಬೇಕು.”

ಅವತ್ತಿನಿಂದ ನನ್ನ ತಲೆಯಲ್ಲಿ ಇಲಿ ಓಡಾಡಿದ ಹಾಗಾಯಿತು. ಬಂಡಿಗೆ ಅಂಗಿ ತಂದ ಪ್ರತಿಯೊಬ್ಬನ ಭುಜದ ಅಳತೆ ನೋಡಿದೆ. ಶಾಲೆಯ ಗುಮಾಸ್ತ ರುಮಾಲು ಸುತ್ತುವುದಿಲ್ಲ, ಆದರೆ ಸುತ್ತಿದರೆ? ಹುಲಿಗಿ ಬಳೆಯಂಗಡಿಯ ಮುಂದೆ ಯಾಕೆ ನಿಂತಳು? ಅಂಗಡಿಯ ಹುಡುಗ ಅವಳಿಗೆ ಚಿಲ್ಲರೆ ಕೊಡುವಾಗ ಯಾಕೆ ನಕ್ಕ? ಬುಧವಾರ ಅವನ ಕೊರಳಪಟ್ಟಿ ಹಿಡಿದೆ. “ಬಿಡಣ್ಣಾ, ಗುರುವಾರ ನಮ್ಮ ಅಂಗಡಿ ಏಳರ ಮಟಾ ತೆರದಿರತೈತಿ, ಇಡೀ ಓಣಿ ನೋಡಿರತೈತಿ” ಅಂದ. ಓಣಿಯೂ ಹೌದು ಅಂದಿತು. ಓಣಿಯನ್ನು ನಂಬುವುದು ಹೇಗೆ? ನನ್ನ ಬೆರಳಿನ ವಿಷಯವನ್ನು ಮಾಸ್ತರರಿಗೆ ಹೇಳಿದ್ದು ಯಾರು? ಹನ್ನೊಂದು ಹೆಂಗಸರಲ್ಲಿ ಒಬ್ಬಳೇ? ಶಾವಂತ್ರಕ್ಕ ಎದುರು ಬಂದಾಗ ಮುಖ ತಿರುಗಿಸಿದೆ. ಅವಳು ನಿಂತು, “ನನ್ನ ಮ್ಯಾಲೂ ಸಂಶಯಾ ಬಂತೇನ ತಮ್ಮಾ?” ಅಂದಳು. ಸಂಶಯ ಬಂದಿತ್ತು.

ಗುರುವಾರ ಹುಲಿಗಿ ನೀರಿಗೆ ಹೋದಾಗ ಅವಳ ಚೀಲ ಸುರಿದೆ. ನೋಟುಬುಕ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ನನಗೆ ಅರ್ಥವಾಗದ ಲೆಕ್ಕಗಳು, ಕಪ್ಪೆಯ ಹೊಟ್ಟೆಯ ಚಿತ್ರ, ಒಂದು ಹಾಳೆಯ ಮೂಲೆಯಲ್ಲಿ ಅವ್ವನ ಹೆಸರು ನಾಲ್ಕು ಸಲ. ಗಂಡಸಿನ ಹೆಸರು ಎಲ್ಲೂ ಇರಲಿಲ್ಲ. ಇಲ್ಲದ್ದು ನೋಡಿ ಸಮಾಧಾನವಾಗಬೇಕಿತ್ತು. ಜಾಣೆ, ಬರೆದಿಟ್ಟಿಲ್ಲ ಅಂದುಕೊಂಡೆ.

ಶನಿವಾರ ಅವಳನ್ನು ನೀಲವ್ವಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಅಜ್ಜಿ ಜಗಲಿಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. “ಜಗಳೇನು, ಅಳೂದೇನು?” ಎಂದು ಕೇಳಿದಳು. “ಅಳೂದಿದ್ರ ಒಳಗಿನ ಖೋಲಿ. ಜಗಳಿದ್ರ ಪಡಸಾಲಿ. ಲಗೂನ ಮುಗಿಸ್ರಿ, ಪೋಸ್ಟಮನ್ನನ ಹೇಣ್ತಿ ಪಾಳಿ ಹಚ್ಯಾಳ.”

ಪಡಸಾಲೆಯಲ್ಲಿ ನಿಂತು ಕೇಳಿದೆ. “ಯಾರಾಂವ?”

“ಯಾರೂ ಇಲ್ಲ.”

“ಇಲ್ಲದಾಂವ ಹಗ್ಗದ ಮ್ಯಾಲ ಹೆಂಗ ಬಂದ?”

“ನೀ ಹನ್ನೊಂದು ಸಲ ಬಂದಿಯಲ್ಲ, ಹಂಗ.”

“ಹುಲಿಗೀ, ಹಲ್ಲು ಉದುರಿಸ್ತೀನಿ.”

“ಉದುರಸು. ನನ್ನ ಚೀಲಾ ಸುರದಿ. ನೋಟುಬುಕ್ಕು ಓದಿದಿ. ಬಳಿ ಅಂಗಡಿ ಹುಡುಗನ ಕೊರಳಪಟ್ಟಿ ಹಿಡದಿ. ನಿನ್ನ ಕೈಯಾಗ ಒಂದು ಬೆತ್ತ ಇಲ್ಲ ನೋಡು, ಇದ್ದಿದ್ರ ಹಂಚಿನಾಳ ಸರ್ ಆಗಿರ್ತಿದ್ದಿ.”

ನನ್ನ ಕೈ ಮೇಲೆದ್ದಿತು. ಅಜ್ಜಿಯ ಪಡಸಾಲೆಗೆ ಪಡುವಣದ ಕಿಟಕಿ. ಸಂಜೆಯ ಬಿಸಿಲು ನೇರ ಒಳಗೆ ಬರುತ್ತಿತ್ತು. ಎದುರಿನ ಗೋಡೆಯ ಮೇಲೆ ಆ ಕೈ ಕಂಡಿತು. ಎತ್ತಿದ ಕೈ, ಅದರ ಕೆಳಗೆ ಜಡೆ. ಏಳು ವರ್ಷದ ಹಿಂದೆ ಹಗ್ಗದ ಮೇಲಿಂದ ನಾನು ಹರಿದು ಹಾಕಿದ್ದು ಇದೇ. ಕಿರುಬೆರಳಿನ ತುದಿಯೊಂದು ಬೇರೆ, ಅಷ್ಟೇ. ಇಲ್ಲಿ ಅದನ್ನು ಎಳೆದುಕೊಳ್ಳುವ ಕಂಪ್ಯೂಟರ್ ಇರಲಿಲ್ಲ. ಹುಲಿಗಿ ಮಾತ್ರ ನೋಡಿದಳು. ಕೈ ಇಳಿಸಿದೆ. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಅವಳು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಮೆಲ್ಲಗೆ ಹೇಳಿದಳು. “ಇಸ್ತ್ರಿ ಮಾಡಾಂವ ನೀ. ಮೂರು ತಿಂಗಳಾತು, ಪ್ರತಿ ವಾರ ನಿನ್ನ ಕೈಯಾಗ ಹಾದು ಹೋಗೈತಿ. ಒಮ್ಮೆರ ಕಣ್ಣು ಬಿಟ್ಟು ನೋಡೀಯೇನು?”

ನೋಡಿರಲಿಲ್ಲ. ಶಾಲೆಯ ನೆರಳಿನ ಗಂಟು ಮಂಗಳವಾರ ನನ್ನ ಬಂಡಿಗೇ ಬರುತ್ತದೆ, ಮುಂದಿನ ಸೋಮವಾರ ಮಡಿಸಿ ಕೊಡುತ್ತೇನೆ. ಹೊಟ್ಟೆಪಾಡು. ಹದವಾದ ಬಿಸಿ ಬೇಕು, ಜಾಸ್ತಿಯಾದರೆ ನೆರಳಿನ ಅಂಚು ಕಂದುತ್ತದೆ. ಎಲ್ಲರ ಮನೆಯವನ್ನೂ ನೋಡಿ ತೀಡುತ್ತೇನೆ, ನಮ್ಮ ಮನೆಯ ಹೆಸರಿನ ಕಟ್ಟು ಬಂದಾಗ ಮಾತ್ರ ರಸ್ತೆ ನೋಡುತ್ತ ಕೈಯಾಡಿಸುತ್ತೇನೆ. ಅಪ್ಪನ ನೆರಳು ನೋಡಿದ ಮೇಲೆ ನಾನು ಮಾಡಿಕೊಂಡ ಪದ್ಧತಿ ಅದು. ಈ ವಾರದ ಗಂಟಿನಲ್ಲಿ ಮಾಸ್ತರರು ಆ ಹನ್ನೆರಡನೆಯದನ್ನೂ ಬೇಕಂತಲೇ ಕಳಿಸಿದ್ದರು. ಅದನ್ನು ಎಲ್ಲಕ್ಕಿಂತ ಕೆಳಗೆ ತುರುಕಿಟ್ಟಿದ್ದೆ. ವಾರವಿಡೀ ಊರಿನ ಗಂಡಸರನ್ನೆಲ್ಲ ಅಳೆದೆ, ಅಳತೆಯ ಮೂಲವನ್ನು ಬಿಚ್ಚಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಅದನ್ನು ಬಂಡಿಯ ಮೇಲೆ ಹಾಸಿದೆ. ನೀರು ಚಿಮುಕಿಸಿ, ಅಂಗೈಯಿಂದ ಸವರಿದೆ. ಮೊದಲು ತೋಳು ನೋಡಿದೆ, ಅಭ್ಯಾಸಬಲ. ಅಂಗಿಯೊಳಗೆ ಮನುಷ್ಯ ಇದ್ದರೆ ಮೊಣಕೈಯ ಹತ್ತಿರ ತೋಳು ಸುಕ್ಕುಗಟ್ಟುತ್ತದೆ, ಒಂದೇ ಗಳಿಗೆ ಹಾಕಿಕೊಂಡರೂ ಸಾಕು. ಈ ತೋಳಿನ ಅಂಚು ಭುಜದಿಂದ ಮುಂಗೈವರೆಗೆ ಕತ್ತಿಯಲಗಿನ ಹಾಗೆ ನೆಟ್ಟಗಿತ್ತು. ನಾನು ಹಾಕಿದ ಗೆರೆ. ಊರಿನಲ್ಲಿ ಬೇರೆ ಯಾರೂ ತೋಳಿಗೆ ಅಷ್ಟು ಒತ್ತಿ ಗೆರೆ ಹಾಕುವುದಿಲ್ಲ. ಭುಜಗಳು ಕೆಳಕ್ಕೆ ಇಳಿದಿರಲಿಲ್ಲ, ಅಡ್ಡಗೋಲಿನ ಮೇಲೆ ಹಾಕಿದಂತೆ ಎರಡೂ ಕಡೆ ಚೂಪಾಗಿ ನಿಂತಿದ್ದವು. ಮುಂಗೈಯ ಕೆಳಗೆ ಕೈ ಇರಲಿಲ್ಲ. ರುಮಾಲಿನ ಕೆಳಗೆ ಕುತ್ತಿಗೆ ಇರಬೇಕಾದ ಕಡೆ ಗಡಿಗೆಯ ಕಂಠ ಇತ್ತು.

ಅದು ನನ್ನದೇ ಅಂಗಿ. ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸಿದ ಹಾಗೆ ಅವಳು ಕೋಲಿಗೆ ಅಂಗಿ ಹಾಕಿ, ಗಡಿಗೆ ಬೋರಲಿಟ್ಟು, ರುಮಾಲು ಸುತ್ತಿ, ಪಕ್ಕದಲ್ಲಿ ಕುಳಿತು ಓದಿದ್ದಳು. ಹತ್ತು ಗುರುವಾರ.

ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಮನೆಗೆ ಹೋದೆ. ಅವಳು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಇದ್ದಳು; ಅಲ್ಲಿಗೆ ಕಂಪ್ಯೂಟರಿನ ಕಣ್ಣು ಮುಟ್ಟುವುದಿಲ್ಲ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

“ನನಗ್ಯಾಕ ಹೇಳಲಿಲ್ಲ?”

“ಎರಡು ಗುರುವಾರ ಕಾದೆ. ಬರಲಿಲ್ಲ. ಮೂರನೇದ್ದಕ್ಕ ಕೋಲು ಹುಡುಕಿದೆ.” ಬಟ್ಟೆ ಹಿಂಡುತ್ತ ಅವಳು ಸುಮ್ಮನೆ ಹೇಳಿದಳು, ದೂರುವ ಹಾಗಿರಲಿಲ್ಲ. “ಮೌಲಾಬಿ ಮಗ ನನಕಿಂತ ಸಣ್ಣಾಂವ. ಇರ್ಲಿ ಅಂತ ಬಿಟ್ಟೆ.”

“ನಾಳೆ ಹೇಳ್ತೀನಿ. ಯಾವ ಗಂಡಸೂ ಅಲ್ಲ, ನನ್ನ ಅಂಗಿ, ಗಡಿಗಿ ಅಂತ ಎಲ್ಲಾರ ಮುಂದ ಹೇಳ್ತೀನಿ. ಗೆರಿ ತೋರಿಸ್ತೀನಿ.”

“ಮೋಸ ಮಾಡ್ಯಾಳ ಅಂತ ತಗೀತಾರ.”

“ತಗೀಲಾರದಂಗ ಕಾಲ ಹಿಡೀತೀನಿ. ನಿನ್ನ ಮ್ಯಾಲಿನ ಮಾತರ ಹೋಗತೈತಿ.”

ಹುಲಿಗಿ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ನಿಂತಳು. “ಅಣ್ಣಾ, ಯಾವನೋ ಬಂದಿದ್ದ ಅಂದ್ರ ಮಂದಿ ನಾಕು ದಿನ ಆಡ್ಕೋತಾರ. ಆಡ್ಕೊಳ್ಳಲಿ. ಯಾರೂ ಬರಲಿಲ್ಲ, ಹುಡುಗಿ ಕೋಲಿಗೆ ಅಂಗಿ ಹಾಕ್ಕೊಂಡು ಕುಂತಿದ್ಲು ಅಂದ್ರ, ಅಯ್ಯೋ ಅಂತಾರ. ಆ ಅಯ್ಯೋ ನನಗ ಬ್ಯಾಡ. ನಮ್ಮ ಮನ್ಯಾಗ ಏನೈತಿ ಅಂತ ಅವರಿಗೆ ಎಲ್ಲಾ ಗೊತ್ತೈತಿ. ಏನಿಲ್ಲ ಅನ್ನೂದರ ನಂದು ಇರ್ಲಿ.”

“ಹಾಲ್ ಟಿಕೆಟ್?”

“ಹೊಳಿ ಆಚೆ ಊರಾಗ ಹೊರಗಿನಿಂದ ಪರೀಕ್ಷಾ ಕಟ್ಟಿ ಬರೀತೀನಿ. ಒಂದು ವರ್ಷ ಹೋದ್ರ ಹೋತು.”

“ಒಂದು ವರ್ಷ ಅಂದ್ರ ಏನಂತ ನಿನಗ ಗೊತ್ತಿಲ್ಲ.” ನನಗೆ ಗೊತ್ತಿತ್ತು. ನಾನೂ ಒಂದು ವರ್ಷ ಬಿಟ್ಟು ಕಟ್ಟುತ್ತೇನೆ ಅಂದುಕೊಂಡವನೇ.

“ನೀ ಹೇಳಿದ್ರ, ಟಿಕೆಟ್ ಕೊಟ್ರೂ ನಾ ಬರಿಯೂದಿಲ್ಲ” ಅಂದಳು, ಮತ್ತೆ ಬಟ್ಟೆ ಹಿಂಡಿದಳು.

ಸೋಮವಾರ ಅಂಗಳ ತುಂಬಿತ್ತು. ನೆರಳು ನೋಡಲು ಎಂದೂ ಬರದವರು ಕೂಡ ಬಂದಿದ್ದರು. ಪೋಸ್ಟಮನ್ನನೂ ಅವನ ಹೆಂಡತಿಯೂ ಬೇರೆ ಬೇರೆ ಮೂಲೆಯಲ್ಲಿ ನಿಂತಿದ್ದರು. ಬಳೆಯಂಗಡಿಯ ಹುಡುಗ ನನ್ನಿಂದ ಆದಷ್ಟು ದೂರದಲ್ಲಿದ್ದ. ಹನ್ನೊಂದು ಹೆಂಗಸರು ಈ ಸಲ ಸೆರಗು ಎಳೆದುಕೊಂಡಿರಲಿಲ್ಲ, ಮೌಲಾಬಿ ನನ್ನನ್ನು ನೇರ ನೋಡುತ್ತಿದ್ದಳು. ಗಂಟನ್ನು ಮೆಟ್ಟಿಲ ಮೇಲೆ ಇಟ್ಟೆ. ಮಾಸ್ತರರು ಅದರಿಂದ ಹನ್ನೆರಡನೆಯದನ್ನು ಎಳೆದು, ಜಾಡಿಸಿ ನನ್ನ ಕೈಗೆ ಕೊಟ್ಟರು.

“ಹೇಳಪಾ. ಯಾರ ನೆರಳಿದು?”

ನಾನು ಬಾಯಿಬಡುಕ. ಏಳು ವರ್ಷದಿಂದ ಈ ಅಂಗಳದಲ್ಲಿ ನಿಂತು ಏನೇನು ಹೇಳಬೇಕು ಎಂದು ಮಲಗುವ ಮುಂಚೆ ದಿನಾ ಕಟ್ಟುತ್ತಿದ್ದೆ. ನಿಮ್ಮ ಮನಿ ನೆರಳು ಯಾವ ಹಗ್ಗದ ಮ್ಯಾಲ ಐತಿ ಸರ್ ಎಂದು ಕೇಳುವವನಿದ್ದೆ. ನಾನು ಹರಿದ ಅಪ್ಪನ ಕೈ ಇನ್ನೂ ಯಾವ ಕಪಾಟಿನಲ್ಲಿದೆ ಎಂದು ಕೇಳುವವನಿದ್ದೆ. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಕೈಯಲ್ಲಿದ್ದ ನೆರಳು ಹಗುರಾಗಿತ್ತು, ಗಾಳಿಗೆ ಅದರ ತೋಳು ಒಮ್ಮೆ ಎದ್ದು ಬಿತ್ತು. ಗೆರೆ ನೆಟ್ಟಗೇ ಇತ್ತು. ಮುಂದಿನ ಸಾಲಿನಲ್ಲಿದ್ದವರಿಗೆ ಅದು ಕಾಣುತ್ತಿತ್ತು. ಆದರೆ ಅವರು ಗಂಡಸನ್ನು ಹುಡುಕುತ್ತಿದ್ದರು, ಗೆರೆಯನ್ನಲ್ಲ.

ಸಾಲಿನಿಂದ ಹುಲಿಗಿ ಹೊರಗೆ ಬಂದಳು. ಕಂಪ್ಯೂಟರನ್ನು ಎದೆಯಿಂದ ಇಳಿಸಿ ಮೆಟ್ಟಿಲ ಮೇಲೆ, ನನ್ನ ಗಂಟಿನ ಪಕ್ಕದಲ್ಲಿ ಇಟ್ಟಳು. ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು ಕೂಡ. ಮೂರು ವರ್ಷ ಜೋಪಾನ ಮಾಡಿದ್ದಳಲ್ಲ.

“ಬಾಯಾಗ ನಾಲಿಗಿ ಇಲ್ಲೇನೋ?” ಅಂದರು ಮಾಸ್ತರರು. “ಹನ್ನೊಂದು ಮನಿ ಅಪ್ಪ, ತನ್ನ ಮನೀದು ಹೇಳಾಕ ಬಾಯಿಲ್ಲ ನೋಡ್ರಿ.” ಬೇವಿನ ಗಿಡದ ಕೆಳಗೆ ಯಾರೋ ನಕ್ಕರು.

ನೆರಳನ್ನು ಮಂಡಿಯ ಮೇಲೆ ಹಾಸಿದೆ. ಎರಡೂ ತೋಳುಗಳನ್ನು ಹಿಂದಕ್ಕೆ ಮಡಿಸಿದೆ, ಬದಿಗಳನ್ನು ಒಳಗೆ ತಂದೆ, ಕೆಳಗಿನ ಅರ್ಧವನ್ನು ಮೇಲಕ್ಕೆತ್ತಿದೆ. ಯಾರ ಅಂಗಿಯಾದರೂ ನಾನು ಮಡಿಸುವುದು ಹೀಗೆಯೇ. ಅಂಗೈಯಿಂದ ಒಮ್ಮೆ ಒತ್ತಿ ಮಾಸ್ತರರ ಕೈಯಲ್ಲಿ ಇಟ್ಟೆ. ಅವರು ತಿಳಿಯದೆ ಎರಡೂ ಕೈ ಚಾಚಿ ತೆಗೆದುಕೊಂಡರು, ಬೆತ್ತ ಕೆಳಗೆ ಬಿತ್ತು.

“ಎಲ್ಲಿಗೆ ಹೊಂಟಿ? ಏ ಯಮನೂರಿ, ಕೇಳಿದ್ದಕ್ಕ ಉತ್ತರಾ?”

ಗೇಟಿನ ಕಡೆಗೆ ನಡೆದೆ. ಹಗ್ಗಗಳ ಕೆಳಗೆ ತಲೆ ಬಗ್ಗಿಸಬೇಕಾಯಿತು, ಯಾರ ಯಾರ ಮನೆಯವೋ ಒದ್ದೆ ನೆರಳುಗಳು ಬೆನ್ನಿಗೆ ತಾಗಿದವು. ಗೇಟು ದಾಟುವಾಗ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು, ಒಬ್ಬರದೋ ಹೆಚ್ಚು ಮಂದಿಯದೋ. ಯಾರು ಎಂದು ತಿರುಗಿ ನೋಡಲಿಲ್ಲ.